ಯಾವ ನೂರಕ್ಕ?

ಬೇಸಿಗೆ ರಜೆಗೆ ಅಣ್ಣನ ಮಗಳು ಬಾಗಲಕೋಟೆಗೆ, ನವನಗರದ ನಮ್ಮ ಮನೆಗೆ ಬಂದಿದ್ದಳು. ಏಳನೇ ಕ್ಲಾಸ್ ಮುಗಿಸಿದ ಹುಡುಗಿ. ಅವಳ ಗಣಿತದ ನೋಟ್‌ಬುಕ್ಕೂ ಜೊತೆಗೇ ಬಂದಿತ್ತು, ಅಣ್ಣನೇ ಚೀಲದ ತಳಕ್ಕೆ ತುರುಕಿ ಕಳಿಸಿದ್ದು. ತೆಗೆದು ನೋಡಿದೆ. ಒಂದು ಲೆಕ್ಕ ಹೀಗಿತ್ತು: ತರಗತಿಯಲ್ಲಿ 40 ಮಕ್ಕಳು, ಇವತ್ತು 10 ಮಕ್ಕಳು ಬಂದಿಲ್ಲ, ಶೇಕಡಾ ಎಷ್ಟು ಗೈರು? ಇವಳ ಉತ್ತರ 400. ಅದರ ಮೇಲೆ ಒಂದು ಕೆಂಪು ಗೀಟು. ಯಾಕೆ ತಪ್ಪು ಅಂತ ಒಂದಕ್ಷರ ಇಲ್ಲ.

"ನಾನೂರು ಪರ್ಸೆಂಟ್ ಬಂದಿಲ್ಲಂದ್ರ, ಸಾಲ್ಯಾಗ ಇದ್ದವ್ರಿಗಿಂತ ಬರದವ್ರೇ ಜಾಸ್ತಿ ಆದ್ರಲ್ಲವಾ?" ಅಂದೆ.

"ಫಾರ್ಮುಲಾ ಹಚ್ಚೀನಲ್ಲ ಅತ್ತಿ," ಅಂದಳು.

ಹಚ್ಚಿದ್ದಳು ನಿಜ, ಭಾಗಾಕಾರ ಮಾತ್ರ ತಲೆಕೆಳಗಾಗಿತ್ತು. ಉತ್ತರ ನೋಡಿ ಅವಳಿಗೆ ಅನುಮಾನವೇ ಬರಲಿಲ್ಲ, ಯಾಕಂದ್ರೆ ಶೇಕಡಾ ಅಂದಾಗ ಕಣ್ಣ ಮುಂದೆ ಏನೂ ಬರುವುದಿಲ್ಲ ಅವಳಿಗೆ. ಪುಸ್ತಕದಲ್ಲಿ ಶೇಕಡಾ, ಪೇಪರಿನಲ್ಲಿ ಶೇ., ಟಿವಿಯಲ್ಲಿ ಪ್ರತಿಶತ, ಬಾಯಲ್ಲಿ ಪರ್ಸೆಂಟ್. ನಾಲ್ಕೂ ಒಂದೇ, ನಾಲ್ಕೂ "ನೂರಕ್ಕೆ ಇಷ್ಟು" ಅನ್ನುವುದೇ ಅಂತ ಯಾರೂ ಕೂಡಿಸಿ ಹೇಳಿರಲಿಲ್ಲ.

ನನ್ನ ಮಗಳು ಮೂರನೇ ಕ್ಲಾಸು. ಹಾಗಾಗಿ ಮನೆ ತುಂಬ ಚಿತ್ರದ ಪುಸ್ತಕ. ಕೆಲವು ಊರಿನ ಪಂಚಾಯಿತಿ ಲೈಬ್ರರಿಯವು (ಈಗ ಅರಿವು ಕೇಂದ್ರ ಅಂತಾರೆ), ಕೆಲವು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಿಂದ ಇಳಿಸಿಕೊಂಡು ಪ್ರಿಂಟ್ ಹಾಕಿಸಿದವು. ಅಲ್ಲಿ ಕನ್ನಡದ ಪುಸ್ತಕಗಳು ಬೇಕಾದಷ್ಟಿವೆ, ದುಡ್ಡು ಕೊಡಬೇಕಿಲ್ಲ. ಗಣಿತಕ್ಕೆ ಅಂತಲೇ ಮಾಡಿದ ಚಿತ್ರಪುಸ್ತಕ ಹುಡುಕಿದರೆ ಬರೀ ಪಿಜ್ಜಾ ತುಂಡು, ಕೇಕ್ ತುಂಡು. ಅರ್ಧ, ಕಾಲು ತೋರಿಸೋಕೆ ಅದು ಸರಿ, ನಮ್ಮ ರೊಟ್ಟಿಯಲ್ಲೂ ತೋರಿಸಬಹುದು. ಆದರೆ ರೊಟ್ಟಿಯನ್ನ ನೂರು ತುಂಡು ಯಾರು ಮಾಡ್ತಾರೆ? ಶೇಕಡಾಕ್ಕೆ ಚೌಕವೇ ಬೇಕು.

ಝೆರಾಕ್ಸ್ ಅಂಗಡಿಗೆ ಹೋಗಿ, ಸ್ಪೈರಲ್ ಬೈಂಡಿಂಗ್‌ಗೆ ಮೇಲೆ ಹಾಕುತ್ತಾರಲ್ಲ, ಆ ತಿಳಿ ಪ್ಲಾಸ್ಟಿಕ್ ಹಾಳೆ ಎರಡು ತಂದೆ. ಒಂದರ ಮೇಲೆ ಮಾರ್ಕರ್‌ನಿಂದ ಎರಡು ಸೆಂಟಿಮೀಟರಿನ ಚೌಕ, ಅಡ್ಡ ಹತ್ತು, ಉದ್ದ ಹತ್ತು. ಎ4 ಹಾಳೆಯ ಅಗಲ 21 ಸೆಂಟಿಮೀಟರ್, ಸರಿಯಾಗಿ ಕೂರುತ್ತದೆ. ಇದನ್ನ ಚಿತ್ರದ ಮೇಲೆ ಇಟ್ಟು ಎಣಿಸುವುದೇ ಆಟ. ಆದರೆ ಎಣಿಸುವ ಮೊದಲು ಕಣ್ಣಂದಾಜು ಹೇಳಲೇಬೇಕು, ಹೇಳದಿದ್ದರೆ ಆಟದಿಂದ ಔಟ್.

ಮೊದಲ ಪುಟದಲ್ಲಿ ಮೇಲೆ ಆಕಾಶ, ಕೆಳಗೆ ಬಯಲು, ನಡುವೆ ಒಂದು ಆಡು. ಆಕಾಶ ಅರವತ್ತು ಅಂದಳು ದೊಡ್ಡವಳು. ಅರ್ಧ ಅಂದಳು ಸಣ್ಣವಳು. ಹಾಳೆ ಇಟ್ಟರು. ಪೂರ್ತಿ ನೀಲಿ ಚೌಕ 34, ಅರೆಬರೆ ನೀಲಿ 14. ಈ ಅರೆಬರೆ ಚೌಕದ ಮೇಲೆ ಅರ್ಧ ಗಂಟೆ ಜಗಳ. ಕೊನೆಗೆ ಎರಡು ಅರೆ ಸೇರಿದರೆ ಒಂದು ಅಂತ ರಾಜಿಯಾಗಿ 34ಕ್ಕೆ 7 ಕೂಡಿಸಿ 41 ಮಾಡಿದರು. ಇಬ್ಬರೂ ಇಪ್ಪತ್ತು ಅಂದಿದ್ದ ಆಡು ಬರೀ 6 ಚೌಕ. ಬಯಲು 53. ದೊಡ್ಡವಳು ಮೂರನ್ನೂ ಕೂಡಿಸಿ ನೋಡಿ, ನಾನು ಏನೂ ಕೇಳದಿದ್ದರೂ, "ಎಲ್ಲಾ ಕೂಡಿ ನೂರ ಆಗ್ತದ. ಮತ್ತ ನಾನೂರ ಮಂದಿ ಎಲ್ಲಿಂದ ಬಂದ್ರು?" ಅಂದಳು. (ನೂರು ದಾಟುವ ಶೇಕಡಾ ಇಲ್ಲ ಅಂತಲ್ಲ. ಟೊಮ್ಯಾಟೊ 20 ರೂಪಾಯಿ ಇದ್ದದ್ದು 60 ಆದರೆ ಏರಿದ್ದು ಶೇ. 200. ಆದರೆ ಇರುವ ಮಕ್ಕಳಲ್ಲಿ ಬರದವರು ನೂರು ದಾಟಲ್ಲ, ಅಲ್ವಾ? ಅವತ್ತಿಗೆ ಅಷ್ಟು ಸಾಕಿತ್ತು.)

ಮರುದಿನ ಅದೇ ಪುಟವನ್ನ ಅರ್ಧ ಅಳತೆಗೆ ಝೆರಾಕ್ಸ್ ಮಾಡಿಸಿ ತಂದೆ. ಎರಡನೇ ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ಸೆಂಟಿಮೀಟರಿನ ಚೌಕ ಹಾಕಿ ಕೊಟ್ಟೆ. ಎಣಿಸಿದರು. ಮತ್ತೆ 41!

"ಇದರಾಗ ಆಕಾಶ ಸಣ್ಣದೈತಲ್ಲ, ಹ್ಯಾಂಗ ಅಷ್ಟ ಬಂತು?" ಸಣ್ಣವಳಿಗೆ ಮೋಸ ಆದಂಗಾಯ್ತು.

ಅಲ್ಲೇ ಕುರ್ಚಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ ನಮ್ಮಪ್ಪ ತಲೆ ಎತ್ತದೆ ಕೇಳಿದರು: "ಯಾವ ನೂರಕ್ಕವಾ? ಆ ಚಿತ್ರದ ನೂರಕ್ಕೋ, ಈ ಚಿತ್ರದ ನೂರಕ್ಕೋ?"

ಇಷ್ಟೇ ನೋಡಿ ಇಡೀ ಪಾಠ. ನಾನು ಎರಡು ದಿನ ಹೇಳಲು ಒದ್ದಾಡಿದ್ದನ್ನ ಅವರು ಒಂದು ಮಾತಿನಲ್ಲಿ ಮುಗಿಸಿದರು. ಅವರೇನು ಹೆಚ್ಚು ಓದಿದವರಲ್ಲ, ಆದರೆ ಕಬ್ಬು ಬೆಳೆದವರು. ಮುಧೋಳ, ಜಮಖಂಡಿ ಕಡೆ ರೈತರ ಬಾಯಲ್ಲಿ ರಿಕವರಿ ಅನ್ನೋ ಮಾತು ದಿನಾ ಬರುತ್ತದೆ. ಕಬ್ಬಿಗೆ ಕೇಂದ್ರ ಸರ್ಕಾರ ಕಟ್ಟುವ ದರಕ್ಕೆ ಲೆಕ್ಕ ಶೇ. 10.25 ರಿಕವರಿ. ಅಂದ್ರೆ ನೂರು ಕೆಜಿ ಕಬ್ಬು ಅರೆದರೆ ಹತ್ತೂಕಾಲು ಕೆಜಿ ಸಕ್ಕರೆ. ಮಕ್ಕಳಿಗೆ ಅದನ್ನೂ ಬಣ್ಣ ಹಚ್ಚಿಸಿದೆವು: ಹತ್ತು ಚೌಕ, ಮತ್ತೊಂದು ಚೌಕದ ಕಾಲು ಭಾಗ. ಇಷ್ಟು ಕಬ್ಬಿಗೆ ಇಷ್ಟೇ ಸಕ್ಕರೆಯಾ ಅಂತ ಅವಕ್ಕೆ ಆಶ್ಚರ್ಯ.

ಆಮೇಲೆ ತಾವೇ ಒಂದು ಚಿತ್ರಪುಸ್ತಕ ಮಾಡಲು ಕೂತರು. ಮೊದಲ ಪುಟ ಅಜ್ಜಿಯ ಕೌದಿ, ನೂರು ತುಂಡಿನದು. ಕೆಂಪು ಇಷ್ಟು, ಹಸಿರು ಇಷ್ಟು. ಎರಡನೇ ಪುಟಕ್ಕೆ ಆಲಮಟ್ಟಿ ಡ್ಯಾಂ ಬೇಕು ಅಂದಳು ದೊಡ್ಡವಳು. ಪೇಪರಿನಲ್ಲಿ ನೀರಿನ ಮಟ್ಟ 508 ಮೀಟರ್ ಅಂತ ಇತ್ತಂತೆ, ಪೂರ್ತಿ ತುಂಬಿದರೆ 519.60. ಭಾಗಿಸಿ, ನೂರರಿಂದ ಗುಣಿಸಿ (ಈ ಸಲ ತಲೆಕೆಳಗಾಗಿರಲಿಲ್ಲ) 97.8 ತಂದಳು. ಹೆಚ್ಚುಕಡಿಮೆ ಇಡೀ ಪುಟಕ್ಕೆ ನೀಲಿ ಬಳಿದಳು. ಮೇ ತಿಂಗಳಲ್ಲಿ!

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಇದು ಆ ಹುಡುಗಿಯ ತಪ್ಪಲ್ಲ, ದೊಡ್ಡವರೂ ಇಲ್ಲಿ ಬೀಳುತ್ತಾರೆ. ಆ ಮೀಟರ್ ಲೆಕ್ಕ ಸಮುದ್ರ ಮಟ್ಟದಿಂದ. ಬೇಸಿಗೆಯಲ್ಲಿ ನೀರು ತಳಕ್ಕಿಳಿದಾಗಲೂ ಅದು ಐನೂರರ ಮೇಲೆಯೇ ಇರುತ್ತದೆ. ಡ್ಯಾಂ ಎಷ್ಟು ತುಂಬಿದೆ ಅಂತ ನೋಡೋಕೆ ಟಿಎಂಸಿ (ನೀರು ಎಷ್ಟಿದೆ ಅನ್ನುವ ಅಳತೆ, ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ) ಹಿಡಿಯಬೇಕು. ಪೂರ್ತಿ ಅಂದ್ರೆ ಸುಮಾರು 123 ಟಿಎಂಸಿ, ಹಾಗಾಗಿ ಒಂದು ಚೌಕಕ್ಕೆ ಒಂದೂಕಾಲು ಟಿಎಂಸಿಗೆ ಸ್ವಲ್ಪ ಕಡಿಮೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಮನೆ ಹೋದವು, ಅದಕ್ಕೇ ಈ ನವನಗರ ಎದ್ದಿದ್ದು. ಆ ನೀರಿನ ಲೆಕ್ಕವನ್ನ ನಮ್ಮ ಮಕ್ಕಳು ತಪ್ಪು ಕಲಿಯಬಾರದು ಅಂತ ನನಗೆ ಒಂಥರಾ ಹಟ. ಪುಟ ಹರಿದು ಮತ್ತೆ ಬರೆಸಿದೆ. ಅತ್ತಳು, ಪಾಪ. ನೀಲಿ ಕ್ರೇಯಾನ್ ಪೂರ್ತಿ ಸವೆದಿತ್ತು.

ಕೊನೆಯ ಪುಟ ಅಪ್ಪ ಹೇಳಿ ಬರೆಸಿದ್ದು. "ಬಡ್ಡಿ ಬರೀರಿ," ಅಂದರು. ಹಳ್ಳಿಯಲ್ಲಿ ಕೈಸಾಲ ಕೊಡುವವರು "ನೂರಕ್ಕ ಎರಡ" ಅನ್ನುತ್ತಾರೆ. ಬ್ಯಾಂಕಿನವರು ಹನ್ನೆರಡು ಅನ್ನುತ್ತಾರೆ. ಕೇಳಿದವರಿಗೆ ಎರಡೇ ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಎರಡು ಅಂದದ್ದು ತಿಂಗಳಿಗೆ, ಹನ್ನೆರಡು ಅಂದದ್ದು ವರ್ಷಕ್ಕೆ. ಇದನ್ನ ಬಾಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ದೊಡ್ಡವಳು ಎರಡು ಕೌದಿ ಬರೆದಳು. ಒಂದರಲ್ಲಿ ಹನ್ನೆರಡು ತುಂಡು ಕೆಂಪು. ಇನ್ನೊಂದರಲ್ಲಿ ಚೈತ್ರಕ್ಕೆ ಎರಡು, ವೈಶಾಖಕ್ಕೆ ಎರಡು, ಹೀಗೆ ಸಣ್ಣವಳು ತಿಂಗಳ ಹೆಸರು ಕೂಗುತ್ತಾ ಹೋದಳು, ಇವಳು ಬಣ್ಣ ಹಚ್ಚುತ್ತಾ ಹೋದಳು. ಫಾಲ್ಗುಣಕ್ಕೆ ಬರುವಷ್ಟರಲ್ಲಿ ಇಪ್ಪತ್ನಾಲ್ಕು ತುಂಡು ಕೆಂಪಾಗಿತ್ತು.

ಅಪ್ಪ ಆ ಪುಟವನ್ನ ಬಹಳ ಹೊತ್ತು ನೋಡಿದರು. ಆಮೇಲೆ ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡರು. "ಅಜ್ಜಾ, ಅದು ನಮ್ಮ ಬುಕ್ಕಿಂದು!" ಅಂತ ಇಬ್ಬರೂ ಕೂಗಿದರು. ಊರಿಗೆ ಒಯ್ಯಬೇಕು, ಒಬ್ಬರಿಗೆ ತೋರಿಸೋದೈತಿ, ನೀವು ಮತ್ತೊಂದು ಬರಕೊಳ್ಳರಿ ಅಂದರು.