ಆಲೂಗಡ್ಡೆ ಕೆಡಿಸಿದ ಹೊಂಚು

ವುಡ್ ಲೇಕ್ ಕಾಳಗ, ಅಮೆರಿಕದ ಮಿನ್ನೆಸೋಟಾ, 1862ರ ಸೆಪ್ಟೆಂಬರ್ 23. ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಸೂ ಜನರ ನಾಯಕ ಲಿಟಲ್ ಕ್ರೋ ಸುಮಾರು 700 ಯೋಧರನ್ನು ರಾತ್ರಿಯೇ ರಸ್ತೆ ಪಕ್ಕದ ಎತ್ತರದ ಹುಲ್ಲಿನಲ್ಲಿ, ಕಮರಿಯಲ್ಲಿ ಮಲಗಿಸಿದ್ದ. ಅಮೆರಿಕ ಸರ್ಕಾರದ ಕಡೆಯ ಕರ್ನಲ್ ಸಿಬ್ಲಿಯ ಪಡೆ ಸಾಲಾಗಿ ನಡೆದು ಬಂದಾಗ ಮೂರೂ ಕಡೆಯಿಂದ ಮುಗಿಬೀಳುವ ಲೆಕ್ಕ. ಒಳ್ಳೆಯ ಯೋಜನೆಯೇ.

ಕೆಟ್ಟಿದ್ದು ಹೇಗೆ? ಬೆಳಿಗ್ಗೆ ಸಿಬ್ಲಿಯ ಪಡೆಯಲ್ಲಿದ್ದ 3ನೇ ಮಿನ್ನೆಸೋಟಾ ರೆಜಿಮೆಂಟಿನ ಕೆಲವರು ಅಪ್ಪಣೆಯಿಲ್ಲದೆ ಬಂಡಿ ಹೂಡಿ ಆಲೂಗಡ್ಡೆ ಅಗೆಯಲು ಹೊರಟರು. ಬಂಡಿಗಳು ರಸ್ತೆ ಬಿಟ್ಟು ನೇರ ಹುಲ್ಲಿಗೇ ನುಗ್ಗಿದವು. ಚಕ್ರದಡಿ ಸಿಗುವ ಬದಲು ಯೋಧರು ಎದ್ದು ಗುಂಡು ಹಾರಿಸಲೇಬೇಕಾಯಿತು. ದೂರ ಹರಡಿಕೊಂಡಿದ್ದ ನೂರಾರು ಯೋಧರಿಗೆ ಒಂದು ಗುಂಡನ್ನೂ ಹಾರಿಸಲಾಗಲಿಲ್ಲ. ಫಿರಂಗಿ ಗುಂಡಿಗೆ ಡಕೋಟಾ ಮುಖಂಡ ಮಂಕಾಟೋ ಬಿದ್ದ. ಎರಡು ತಾಸಿನಲ್ಲಿ ಎಲ್ಲ ಮುಗಿಯಿತು.

ಇನ್ನೊಂದು ಸ್ವಾರಸ್ಯ: ಈ 3ನೇ ರೆಜಿಮೆಂಟ್ ಅದೇ ಜುಲೈನಲ್ಲಿ ಟೆನೆಸ್ಸಿಯ ಮರ್ಫ್ರೀಸ್‌ಬರೋದಲ್ಲಿ ಅಮೆರಿಕದ ಅಂತರ್ಯುದ್ಧದ ದಕ್ಷಿಣ ಪಕ್ಷದವರಿಗೆ ಶರಣಾಗಿ, ಮತ್ತೆ ಅವರ ವಿರುದ್ಧ ಹೋರಾಡುವುದಿಲ್ಲವೆಂಬ ಮಾತಿನ ಮೇಲೆ ಬಿಡುಗಡೆಯಾಗಿತ್ತು. ಸೂಗಳ ವಿರುದ್ಧ ಆ ಮಾತು ಅಡ್ಡಿ ಬರಲಿಲ್ಲ! ಅಂತರ್ಯುದ್ಧವನ್ನೂ ಗಡಿಯ ಕಾಳಗವನ್ನೂ ಬೇರೆ ಬೇರೆ ಅಧ್ಯಾಯವಾಗಿ ಓದಿದರೆ ಇಂಥದ್ದು ಕಣ್ಣಿಗೇ ಬೀಳುವುದಿಲ್ಲ ಅನ್ನಿಸುತ್ತೆ.

ಗೆದ್ದ ಸಿಬ್ಲಿ ಬೆನ್ನಟ್ಟಲಿಲ್ಲ. ಅಶ್ವದಳದ ಕೊರತೆ. ಲಿಟಲ್ ಕ್ರೋ ಪಶ್ಚಿಮಕ್ಕೆ ಸರಿದುಹೋದ.