ಗೆಜ್ಜೆ ಬಿಚ್ಚಿಟ್ಟು ಕಡಲಿಗೆ

ಮೊಮ್ಮಗಳಿಗೆಂದು ಅಮ್ಮ ಊರಿನಿಂದ ತಂದಿದ್ದ ಬೆಳ್ಳಿಯ ಕಾಲ್ಗೆಜ್ಜೆಯನ್ನು ಫ್ಲಾರಿಡಾದ ನ್ಯೂ ಸ್ಮಿರ್ನಾ ಬೀಚಿನ ಮರಳಿನಲ್ಲಿ ಕುಳಿತು ನಾನು ಬಿಚ್ಚತೊಡಗಿದಾಗ ಅಮ್ಮ ಗದರಿದರು. ಇಲ್ಲಿ ಶಾರ್ಕ್‌ಗಳಿವೆ ಎಂದೆ. ಹಾಗಾದರೆ ಮಗುವನ್ನೇ ನೀರಿಗಿಳಿಸಬೇಡ ಎಂದು ಪಟ್ಟು ಹಿಡಿದರು.

ಅವರ ಭಯಕ್ಕೆ ಆಧಾರವಿಲ್ಲದೆ ಇಲ್ಲ. ಕೆಣಕದಿದ್ದರೂ ಶಾರ್ಕ್ ಮನುಷ್ಯರನ್ನು ಕಚ್ಚಿದ ಪ್ರಕರಣಗಳು 2024ರಲ್ಲಿ ಜಗತ್ತಿನಾದ್ಯಂತ ದಾಖಲಾದದ್ದು 47. ಅವುಗಳಲ್ಲಿ 14 ಫ್ಲಾರಿಡಾದವು, 8 ಈ ಬೀಚ್ ಇರುವ ವೊಲೂಷಾ ಕೌಂಟಿಯೊಂದರವೇ. ಕಾರಣ ಇಲ್ಲಿನ ಅಳಿವೆ. ಭರತ ಇಳಿತಗಳ ಜೊತೆಗೆ ಸಣ್ಣ ಮೀನುಗಳ ಹಿಂಡು ಅಲ್ಲಿ ಹೊಕ್ಕು ಹೊರಡುತ್ತದೆ, ಅದರ ಬೆನ್ನಿಗೆ ಬ್ಲ್ಯಾಕ್‌ಟಿಪ್ ಶಾರ್ಕ್‌ಗಳು ಬರುತ್ತವೆ, ಅದೇ ಕಲಕಿದ ನೀರಿನಲ್ಲಿ ಸರ್ಫಿಂಗ್ ಮಾಡುವವರೂ ಕಾಲು ಇಳಿಬಿಟ್ಟುಕೊಂಡು ಅಲೆಗೆ ಕಾಯುತ್ತಿರುತ್ತಾರೆ. ಕಾಲು ಬಡಿದಾಗ ಏಳುವ ಕಂಪನವನ್ನು ಶಾರ್ಕ್ ತನ್ನ ಪಕ್ಕೆಯುದ್ದಕ್ಕೂ ಇರುವ ಸಂವೇದನಾ ರೇಖೆಯಿಂದ ಗ್ರಹಿಸುತ್ತದೆ. ಬಗ್ಗಡದಲ್ಲಿ ಬಿಳಿಚಿದ ಅಂಗಾಲೋ ಬೆಳ್ಳಿಯ ಹೊಳಪೋ ಮಿಂಚಿದರೆ ಅದನ್ನು ಮೀನಿನ ಪೊರೆಯೆಂದು ಬಗೆದು ಬಾಯಿ ಹಾಕುತ್ತದೆ, ತಪ್ಪು ತಿಳಿದೊಡನೆ ಬಿಟ್ಟು ಹೋಗುತ್ತದೆ. ಇಲ್ಲಿ ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಕಾಲಿಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಮರಳುತ್ತಾರೆ. ಬುಲ್, ಟೈಗರ್, ಗ್ರೇಟ್ ವೈಟ್ ಜಾತಿಗಳ ಕಡಿತಕ್ಕೆ ಈ ಸಮಾಧಾನ ಸಲ್ಲದು.

ಮನುಷ್ಯರ ರಕ್ತದ ವಾಸನೆಗೆ ಶಾರ್ಕ್ ಮೈಲಿಗಟ್ಟಲೆ ದೂರದಿಂದ ಓಡಿಬರುತ್ತದೆಂಬ ಮಾತನ್ನು ನಾನು ನಂಬುವುದಿಲ್ಲ. ಅದನ್ನು ನಿಜವಾಗಿ ಸೆಳೆಯುವುದು ಮೀನಿನ ರಕ್ತ ಮತ್ತು ಗಾಯಗೊಂಡ ಮೀನಿನ ಒದ್ದಾಟ. ಆದ್ದರಿಂದಲೇ ಈಟಿಯಿಂದ ಮೀನು ಹೊಡೆದು ಸೊಂಟಕ್ಕೆ ಕಟ್ಟಿಕೊಂಡು ಈಜುವ ಡೈವರ್ ಎಲ್ಲರಿಗಿಂತ ಹೆಚ್ಚಿನ ಅಪಾಯವನ್ನು ತಾನೇ ಹೊತ್ತುಕೊಂಡಿರುತ್ತಾನೆ. ಶಾರ್ಕ್ ಎದುರಾದರೆ ಡೈವರ್ ಬೆನ್ನು ತಿರುಗಿಸಿ ಧಾವಿಸಬಾರದು. ನೆಟ್ಟಗೆ ನಿಂತು, ಅದರ ಮೇಲಿಂದ ಕಣ್ಣು ಕೀಳದೆ, ಬಂಡೆಯಿದ್ದರೆ ಅದಕ್ಕೆ ಬೆನ್ನು ಕೊಟ್ಟು, ನಿಧಾನವಾಗಿ ದೋಣಿಯತ್ತ ಸರಿಯಬೇಕು. ಮೈಮೇಲೆ ಬಂದರೆ ಮೂಗು, ಕಣ್ಣು, ಕಿವಿರುಗಳಿಗೆ ಬಲವಾಗಿ ಹೊಡೆಯಬೇಕು. ಕಚ್ಚಿದ್ದೇ ಆದರೆ ದಡಕ್ಕೆ ತಂದೊಡನೆ ಗಾಯವನ್ನು ಬಟ್ಟೆಯಿಂದ ಅದುಮಿ ಹಿಡಿಯುವುದೇ ಮೊದಲ ಕೆಲಸ, ಏಕೆಂದರೆ ಜೀವ ಹೋಗುವುದು ಹೆಚ್ಚಾಗಿ ರಕ್ತಸ್ರಾವದಿಂದ.

ಇಷ್ಟನ್ನೂ ಅಮ್ಮನಿಗೆ ವಿವರಿಸಿ, ಮುಂಜಾನೆ ಮುಸ್ಸಂಜೆಗಳಲ್ಲಿ ಇಳಿಯುವುದಿಲ್ಲ, ಅಳಿವೆಯ ಹತ್ತಿರ ಹೋಗುವುದಿಲ್ಲ, ಮೀನು ಜಿಗಿಯುವ, ಹಕ್ಕಿಗಳು ನೀರಿಗೆ ಎರಗುವ ಕಡೆ ನಿಲ್ಲುವುದಿಲ್ಲ ಎಂದು ಮಾತು ಕೊಟ್ಟ ಮೇಲೆ, ಅವರು ಗೆಜ್ಜೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ದಡದಲ್ಲಿ ನಿಂತರು. ಮಗಳ ಕೈಹಿಡಿದು ಸೊಂಟದಷ್ಟು ನೀರಿನಲ್ಲಿ ಕಾಲು ಗಂಟೆ ಕಳೆದಿರಬೇಕು. ಅಷ್ಟರಲ್ಲಿ ನಮ್ಮಿಂದ ತುಸು ಆಚೆ ಪೆಲಿಕನ್ ಒಂದು ರೆಕ್ಕೆ ಮಡಚಿ ಧೊಪ್ಪನೆ ನೀರಿಗೆ ಬಿತ್ತು. ಅದರ ಹಿಂದೆಯೇ ಇನ್ನೊಂದು.

"ಹಕ್ಕಿ ಬಿತ್ತು ನೋಡೇ, ಮೇಲೆ ಬಾ!" ಎಂದು ಅಮ್ಮ ಕೂಗಿದಾಗ ನಾನಿನ್ನೂ ಅತ್ತ ತಿರುಗಿರಲಿಲ್ಲ.