ಐಎಸ್ 456: ಯಾವ ವರ್ಷದ್ದು?

12 ಜೂನ್ 2024, ಬುಧವಾರ

ಹಳೆಯ ಸ್ಟ್ಯಾಂಡರ್ಡ್‌ಗಳ ಕಟ್ಟು ಬಿಚ್ಚಿದ ಕೂಡಲೇ ಸ್ಕ್ಯಾನರ್ ಮುಂದೆ ಕೂರಬಾರದು. ಮೊದಲು ಹೆಸರಿಡುವ ಕೆಲಸ ಮುಗಿಯಬೇಕು. ಇಂದಿನ ದಿನ ಪೂರ್ತಿ ಅದಕ್ಕೇ ಹೋಯಿತು.

ಆರ್‌ಸಿಸಿ (ಸರಳು ಹಾಕಿದ ಕಾಂಕ್ರೀಟು) ಕೆಲಸ ಮಾಡುವವರೆಲ್ಲ ಬಲ್ಲ, ಕಾಂಕ್ರೀಟಿನ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 456 ಅನ್ನೇ ನೋಡಿ. ಮೊದಲು ಬಂದದ್ದು 1953ರಲ್ಲಿ. 1957, 1964, 1978, 2000ರಲ್ಲಿ ಪರಿಷ್ಕರಣೆಯಾಯಿತು. ನಂಬರ್ ಒಂದೇ, ದಾಖಲೆ ಐದು. 1970ರ ಸುಮಾರಿಗೆ ಕಟ್ಟಿದ ಶಾಲೆಯೊಂದರ ನಕ್ಷೆಯಲ್ಲಿ ಕಾಂಕ್ರೀಟು ‘ಎಂ 150’ ಎಂದಿದ್ದರೆ ಅದು 1964ರ ಆವೃತ್ತಿಯ ಲೆಕ್ಕ: ಚದರ ಸೆಂಟಿಮೀಟರಿಗೆ 150 ಕಿಲೋ ಒತ್ತಡ ತಡೆಯುವ ಬಲ. 1978ರಲ್ಲಿ ಅದೇ ದರ್ಜೆ ‘ಎಂ 15’ ಆಯಿತು, ಚದರ ಮಿಲಿಮೀಟರಿಗೆ 15 ನ್ಯೂಟನ್. ಕಟ್ಟಡ ಕುಸಿಯುವ ಅಥವಾ ಬಳಕೆಗೆ ಬಾರದಾಗುವ ಮಿತಿಯನ್ನು ಹಿಡಿದು ಲೆಕ್ಕ ಹಾಕುವ ಲಿಮಿಟ್ ಸ್ಟೇಟ್ ವಿಧಾನ ಸೇರಿದ್ದೂ ಆಗಲೇ. ಆ ಶಾಲೆಯ ಮೇಲೆ ಇನ್ನೊಂದು ಮಹಡಿ ಏರಿಸಬಹುದೇ ಎಂದು ನೋಡುವ ಎಂಜಿನಿಯರ್‌ಗೆ 2000ದ ಪುಸ್ತಕದ ಜೊತೆ 1964ರದೂ ಬೇಕು. ಹೊಸದು ಬಂದಾಗ ಹಳೆಯದನ್ನು ರದ್ದಿಗೆ ಹಾಕುವುದು ಕಚೇರಿಯ ಕಪಾಟಿಗೆ ಸರಿ. ಎಲ್ಲರೂ ಹಾಗೆ ಹಾಕಿದ್ದರಿಂದಲೇ ಹಳೆಯ ಆವೃತ್ತಿಗಳು ಇಂದು ಸಿಗುವುದು ಕಷ್ಟ.

ಹೀಗಾಗಿ ಫೈಲಿನ ಹೆಸರಲ್ಲಿ ಸಂಸ್ಥೆ, ನಂಬರ್, ವರ್ಷ, ತಿದ್ದುಪಡಿ ನಾಲ್ಕೂ ಇರಬೇಕು. ನಂಬರನ್ನು ಐದಂಕಿಗೆ ತುಂಬಿಸಿ 00456 ಎಂದು ಬರೆಯಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಐಎಸ್ 13194 ಮೇಲೆ ಹೋಗಿ 456 ಕೆಳಗೆ ಕೂರುತ್ತದೆ. ಹಳೆಯ ಮುದ್ರಣದಲ್ಲಿ ‘ಐಎಸ್ : 456 - 1964’ ಎಂದಿರುತ್ತದೆ, ಹೊಸದರಲ್ಲಿ ‘ಐಎಸ್ 456 : 2000’. ಮುದ್ರಣದಲ್ಲಿ ಇದ್ದಂತೆಯೇ ಒಂದು ಕಾಲಮ್, ಹುಡುಕುವುದಕ್ಕೆ ಒಂದೇ ರೂಪದ ಇನ್ನೊಂದು ಕಾಲಮ್.

ತಿದ್ದುಪಡಿ ಚೀಟಿಗಳೇ ಹೆಚ್ಚು ಕಾಡುವುದು. ಒಂದೆರಡು ಹಾಳೆಯ ಬಿಡಿ ಕಾಗದ. ಕೆಲವರು ಪುಸ್ತಕದೊಳಗೆ ಸಿಕ್ಕಿಸಿಟ್ಟಿರುತ್ತಾರೆ, ಕೆಲವರು ಕತ್ತರಿಸಿ ಹಳೆಯ ಸಾಲಿನ ಮೇಲೆಯೇ ಅಂಟಿಸಿರುತ್ತಾರೆ. ಅಂಟಿಸಿದ್ದನ್ನು ಕೀಳಬಾರದು. ಒಂದು ಅಂಚು ಮಾತ್ರ ಅಂಟಿದ್ದರೆ ಚೀಟಿ ಮುಚ್ಚಿ ಒಮ್ಮೆ, ಎತ್ತಿ ಒಮ್ಮೆ ಸ್ಕ್ಯಾನ್ ಮಾಡಬೇಕು. ಪ್ರತಿ ಚೀಟಿಯೂ ತನ್ನದೇ ತಾರೀಖಿನ ಸ್ವತಂತ್ರ ದಾಖಲೆ.

ಕನ್ನಡಕ್ಕೆ ನೇರ ಸಂಬಂಧಪಟ್ಟ ಕಟ್ಟು ಇಸ್ಕಿಯದು. ಇಸ್ಕಿ ಎಂದರೆ ಕಂಪ್ಯೂಟರಿನಲ್ಲಿ ಭಾರತೀಯ ಲಿಪಿಗಳ ಅಕ್ಷರಗಳಿಗೆ ಕೊಡುವ ಸಂಕೇತಗಳ ಸ್ಟ್ಯಾಂಡರ್ಡ್; ಅದು ಐಎಸ್ 13194 ಆಗಿ ಬಂದದ್ದು 1991ರಲ್ಲಿ. ಆದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್ ತನ್ನ ಭಾರತೀಯ ಲಿಪಿಗಳ ಕೋಷ್ಟಕಗಳಿಗೆ ಆಧಾರವಾಗಿ ಹಿಡಿದದ್ದು 1988ರ ಇಸ್ಕಿಯನ್ನು. ಕನ್ನಡದ ಕೋಷ್ಟಕದಲ್ಲಿ ಅಕ್ಷರಗಳು ಈ ಜಾಗದಲ್ಲೇ ಯಾಕೆ ಕೂತಿವೆ, ನಡುವೆ ಖಾಲಿ ಮನೆಗಳು ಯಾಕೆ ಎಂದು ಹುಡುಕುವವರು 1991ರದನ್ನು ಮಾತ್ರ ಓದಿದರೆ ದಾರಿ ತಪ್ಪುತ್ತಾರೆ. ಎರಡನ್ನೂ ಇಟ್ಟು, ಒಂದರ ವಿವರದಲ್ಲಿ ಇನ್ನೊಂದರ ಕೊಂಡಿ ಹಾಕಬೇಕು.

ಪೇಟೆಂಟುಗಳಲ್ಲೂ ಇದೇ ಗೋಜಲು. 1915ರವರೆಗೆ ಬ್ರಿಟಿಷ್ ನಂಬರುಗಳು ಪ್ರತಿ ವರ್ಷ ಒಂದರಿಂದ ಶುರುವಾಗುತ್ತಿದ್ದವು. 100001ರಿಂದ ಮುಂದಕ್ಕೆ ಒಂದೇ ಸರಣಿಯಾದದ್ದು 1916ರಲ್ಲಿ. ರೇಡಿಯೋ ಹರಿಕಾರ ಮಾರ್ಕೋನಿಯ ಹೆಸರಾಂತ ಪೇಟೆಂಟ್ 7777 ಎಂದರೆ 1900ನೇ ಇಸವಿಯ 7777. ಅದರ ಹಿಂದಿನ ವರ್ಷಕ್ಕೂ ಒಂದು 7777 ಇದೆ, ಮುಂದಿನದಕ್ಕೂ ಇದೆ. ಹೆಸರಲ್ಲಿ ವರ್ಷ ಬಿಟ್ಟು ಸೇವ್ ಮಾಡಿದರೆ ಒಂದು ಫೈಲು ಇನ್ನೊಂದನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ಇನ್ನು ‘ವರ್ಷ’ ಅಂದರೆ ಯಾವುದು? ಜಗದೀಶ್ ಚಂದ್ರ ಬೋಸರ ಅಮೆರಿಕನ್ ಪೇಟೆಂಟ್ 755840ಕ್ಕೆ ಅರ್ಜಿ ಬಿದ್ದದ್ದು 1901ರ ಸೆಪ್ಟೆಂಬರ್ 30, ಮಂಜೂರಾದದ್ದು 1904ರ ಮಾರ್ಚ್ 29. ಎರಡು ತಾರೀಖಿಗೂ ಬೇರೆ ಬೇರೆ ಕಾಲಮ್ ಬೇಕು. ಭಾರತದ 1856ರ ಕಾಯ್ದೆಯ ಕಾಲದ ಕಾಗದಗಳಲ್ಲಿ ‘ಪೇಟೆಂಟ್’ ಎಂದು ಹುಡುಕಿದರೆ ಸಾಲದು, ಆಗ ಕೊಡುತ್ತಿದ್ದುದು ‘ಎಕ್ಸ್‌ಕ್ಲೂಸಿವ್ ಪ್ರಿವಿಲೆಜ್’. ಆ ಪದವೂ ಸೂಚಿಯಲ್ಲಿರಬೇಕು.

ಸ್ಕ್ಯಾನಿಂಗ್ ಲೆಕ್ಕ ಇಷ್ಟು. ಅಕ್ಷರವಷ್ಟೇ ಇರುವ ಪುಟಕ್ಕೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಗ್ರೇಸ್ಕೇಲ್ ಸಾಕು. ಎ4 ಪುಟಕ್ಕೆ ಗಾತ್ರ ಕುಗ್ಗಿಸದ ಟಿಫ್ ಚಿತ್ರದ ಫೈಲಿನಲ್ಲಿ ಸುಮಾರು 8.7 ಎಂಬಿ. ಸಣ್ಣ ಗೆರೆಗಳ ಡ್ರಾಯಿಂಗಿಗೆ 600 ಡಿಪಿಐ ಬೇಕು, ಪುಟಕ್ಕೆ ಸುಮಾರು 35 ಎಂಬಿ. ನೇರವಾಗಿ ಕಪ್ಪು ಬಿಳುಪಿನಲ್ಲಿ ತೆಗೆದರೆ ಅಳತೆ ತೋರಿಸುವ ತೆಳುಗೆರೆ ಮಾಯವಾಗುತ್ತದೆ. ತುಕ್ಕು ಹಿಡಿದ ಪಿನ್ನಿನ ಕಾಲುಗಳನ್ನು ಹಿಂಬದಿಯಿಂದ ನೆಟ್ಟಗೆ ಮಾಡಿ ಆಮೇಲೆ ತೆಗೆಯಬೇಕು, ಎಳೆದರೆ ಕಾಗದ ಹರಿಯುತ್ತದೆ. ಸೆಲ್ಲೋಟೇಪು, ಲ್ಯಾಮಿನೇಶನ್ ಬೇಡವೇ ಬೇಡ.

ಪಿಡಿಎಫ್ ಮಾಡುವಾಗ, ಫೈಲಿನ ಗಾತ್ರ ಕುಗ್ಗಿಸಲು ವಿವರವನ್ನೇ ಕಳೆಯುವ ಜೆಬಿಗ್2 ವಿಧಾನವನ್ನು ಮುಟ್ಟಬಾರದು. ಅದು ಒಂದನ್ನೊಂದು ಹೋಲುವ ಅಕ್ಷರಗಳಿಗೆ ಒಂದೇ ಚಿತ್ರವನ್ನು ಹಾಕುತ್ತದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ತೋರಿಸಿದ್ದು ಇದನ್ನೇ: ಸ್ಕ್ಯಾನ್ ಮಾಡಿದ ಕಟ್ಟಡದ ನಕ್ಷೆಯೊಂದರಲ್ಲಿ 21.11 ಮತ್ತು 17.42 ಚದರ ಮೀಟರಿನ ಕೋಣೆಗಳೂ ಪಕ್ಕದ ಕೋಣೆಯಂತೆ 14.13 ಎಂದು ಬಂದಿದ್ದವು. ಅಚ್ಚು ಮಸುಕಾಗಿದ್ದರೆ ಓದುವವರು ಅನುಮಾನಪಡುತ್ತಾರೆ; ಇಲ್ಲಿ ತಪ್ಪು ಅಂಕಿಯೇ ಸ್ಫುಟವಾಗಿ ಕಾಣುತ್ತದೆ. ಅದಕ್ಕಾಗಿ ಅಳತೆಯ ಕೋಷ್ಟಕವಿರುವ ಪುಟಗಳನ್ನು ಇಬ್ಬರು ಕೂತು ತಾಳೆ ನೋಡಬೇಕು: ಒಬ್ಬರು ಕಾಗದದಿಂದ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ತೆರೆಯಲ್ಲಿ ನೋಡುವುದು. ತಾಳೆಯಾದ ಮೇಲೆಯೇ ಶಾ-256 ಮೊತ್ತ (ಫೈಲು ಒಂದಿಷ್ಟು ಬದಲಾದರೂ ಬೇರೆಯಾಗಿಬಿಡುವ ಗುರುತು) ತೆಗೆದು ಮೂರು ಪ್ರತಿ ಮಾಡುವುದು, ಒಂದು ಬೇರೆ ಊರಿನಲ್ಲಿ.

ಪಟ್ಟಿಯ ಕೊನೆಯ ಕಾಲಮ್ ತಿದ್ದುಪಡಿ ಚೀಟಿಗಳದು. ಚೀಟಿ ಸಿಗದಿದ್ದರೆ ‘ಸಿಕ್ಕಿಲ್ಲ’ ಎಂದೇ ಬರೆಯಬೇಕು. ಖಾಲಿ ಬಿಟ್ಟರೆ ತಿದ್ದುಪಡಿಯೇ ಆಗಿರಲಿಲ್ಲ ಎಂದು ಮುಂದೆ ಬರುವವರು ತಿಳಿಯುತ್ತಾರೆ.